ಒಂದು ಅಕ್ಷರ, ನಾಲ್ಕು ಸಾಲು: ನಿಮ್ಮ ಪ್ರಶ್ನೆ, ಮೇಡಂ ಉತ್ತರ

ಕಳೆದ ಸಂಚಿಕೆಯಲ್ಲಿ ಅಕ್ಷರ ಪದ್ಯಗಳ ಬಗ್ಗೆ ಸ್ವಲ್ಪ ಬರೆದಿದ್ದೆ. ಒಂದೇ ಒಂದು ಅಕ್ಷರ ಹಿಡಿದು ಮೂರು-ನಾಲ್ಕು ಸಾಲಿನ ಪುಟ್ಟ ಪದ್ಯ ಓದುವುದು, ಆಮೇಲೆ ಅದೇ ಅಕ್ಷರಕ್ಕೆ ಮಕ್ಕಳಿಂದ ಅವರದೇ ಪದ್ಯ ಬರೆಸುವುದು. ಅದರ ಬಗ್ಗೆಯೇ ತುಂಬ ಪತ್ರಗಳು ಬಂದಿವೆ. ಈ ಸಲದ ಅಂಕಣ ಪೂರ್ತಿ ಅವಕ್ಕೇ ಮೀಸಲು.

ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ಮಕ್ಕಳು ಪಠ್ಯದ ಪದ್ಯಗಳನ್ನು ಚೆನ್ನಾಗಿ ಹಾಡುತ್ತಾರೆ. ಸ್ವಂತವಾಗಿ ನಾಲ್ಕು ಸಾಲು ಬರೆಯಿರಿ ಅಂದರೆ ಮಾತ್ರ ಪೆನ್ಸಿಲ್ ಕಚ್ಚಿಕೊಂಡು ಕೂರುತ್ತಾರೆ. ‘ನಮ್ಮ ಶಾಲೆ’ ಅಂತ ವಿಷಯ ಕೊಟ್ಟರೆ ಎಲ್ಲರ ಪುಸ್ತಕದಲ್ಲೂ ‘ನಮ್ಮ ಶಾಲೆ ಸುಂದರವಾಗಿದೆ’ ಎಂದೇ ಇರುತ್ತದೆ. ಅಕ್ಷರ ಪದ್ಯವನ್ನು ಮೊದಲ ದಿನ ಹೇಗೆ ಶುರು ಮಾಡಲಿ, ಮೇಡಂ?
– ಒಬ್ಬ ಶಿಕ್ಷಕಿ, ಹಿರಿಯೂರು ತಾಲ್ಲೂಕು

ಉತ್ತರ: ನಿಮ್ಮ ಮಕ್ಕಳ ಹತ್ತಿರ ಹೇಳಲು ಬೇಕಾದಷ್ಟಿದೆ. ಊಟದ ಬಿಡುವಿನಲ್ಲಿ ಸುಮ್ನೆ ಅವರ ಪಕ್ಕ ನಿಂತು ಕೇಳಿ. ಯಾರ ಮನೆ ಮೇಕೆ ಮರಿ ಹಾಕಿತು, ಯಾರ ಚಿಕ್ಕಪ್ಪ ಬೈಕಿನಿಂದ ಬಿದ್ದರು, ಎಲ್ಲಾ ಅಲ್ಲೇ ಇರುತ್ತದೆ. ಆದರೆ ‘ನಮ್ಮ ಶಾಲೆ’ ಅನ್ನುವ ವಿಷಯ ಎಂಟು ವರ್ಷದ ಮಗುವಿಗೆ ತುಂಬ ದೊಡ್ಡದು. ಎಲ್ಲಿಂದ ಹಿಡಿಯಬೇಕು ಅಂತ ತಿಳಿಯುವುದಿಲ್ಲ. ಆಗ ಅದು ಟೀಚರಿಗೆ ಯಾವ ವಾಕ್ಯ ಇಷ್ಟ ಅಂತ ಯೋಚಿಸಲು ಶುರು ಮಾಡುತ್ತದೆ. ‘ಬ’ ಅಂತ ಒಂದು ಅಕ್ಷರ ಕೊಟ್ಟು ನೋಡಿ. ಮಗು ನಿಮ್ಮ ಮುಖ ನೋಡುವುದನ್ನು ಬಿಟ್ಟು ಪದ ಹುಡುಕಲು ಹೊರಡುತ್ತದೆ. ಹುಡುಕುತ್ತಾ ತನ್ನ ಮನೆಗೆ, ತನ್ನ ಬೀದಿಗೆ ಹೋಗುತ್ತದೆ. ನಮಗೆ ಬೇಕಾದದ್ದು ಅಷ್ಟೇ.

ಮೊದಲ ದಿನ ಬರೆಸಲೇಬೇಡಿ. ಒಂದು ಪದ್ಯ ಓದಿ. ನಾನು ನಮ್ಮ ಮಕ್ಕಳಿಗೆ ಅಂತ ಬರೆದುಕೊಂಡ ಒಂದು ಇಲ್ಲಿದೆ, ಬೇಕಾದರೆ ಇದನ್ನೇ ಬಳಸಿ:

ಬಸ್ಸು ಬಂತು.
ಬಾಗಿಲ ತುಂಬ ಜನ.
ಬುಟ್ಟಿಯೊಳಗಿಂದ ಒಂದು ಬಾತುಕೋಳಿ
ಬಗ್ಗಿ ನೋಡಿತು.

ಎರಡು ಸಲ ನಿಧಾನವಾಗಿ ಓದಿ. ಯಾವ ಅಕ್ಷರ ಅಂತ ಮಕ್ಕಳೇ ಹೇಳಲಿ. ಆಮೇಲೆ ಪುಸ್ತಕ ಮುಚ್ಚಿಸಿ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ. ಅಂಗಳ, ಅಡುಗೆ ಕೋಣೆ, ಕಾಂಪೌಂಡಿನ ಆಚೆಯ ರಸ್ತೆ. ‘ಬ’ದಿಂದ ಶುರುವಾಗುವುದು ಏನೇನಿದೆ? ಬಕೆಟ್, ಬಾಳೆ, ಬೇಲಿ, ಬೇವು, ಬಿಸಿಲು, ಬೂದಿ. ಮಕ್ಕಳು ಮೊದಲು ವಸ್ತುಗಳ ಹೆಸರನ್ನೇ ಹೇಳುತ್ತಾರೆ. ಅಲ್ಲಿಗೆ ನಿಲ್ಲಿಸಬೇಡಿ. ಬಗ್ಗು, ಬಿಕ್ಕು, ಬೀಗು, ಬೆದರು ಅಂತ ಕೆಲಸದ ಪದಗಳು ಬರಲಿ. ಶಬ್ದದ ಪದಗಳೂ ಬರಲಿ. ಕನ್ನಡದಲ್ಲಿ ಅವಕ್ಕೆ ಬರವಿಲ್ಲ. ಚಟಪಟ, ಜುಳುಜುಳು, ದಬದಬ, ಗುಡುಗುಡು, ಟಪಟಪ. ಪದ್ಯದಲ್ಲಿ ಮಗುವಿನ ಕಿವಿ ತೆರೆಯುವುದೇ ಇವುಗಳಿಂದ. ನಾನಂತೂ ಪ್ರತಿ ಅಕ್ಷರಕ್ಕೂ ಕಡೇ ಪಕ್ಷ ಒಂದು ಶಬ್ದದ ಪದ ಕೇಳದೆ ಬಿಡುವುದಿಲ್ಲ.

ಒಳಗೆ ಬಂದು ಪದಗಳನ್ನೆಲ್ಲ ಬೋರ್ಡಿನ ಮೇಲೆ ಬರೆಯಿರಿ. ಮಗು ಹೇಳಿದ ಹಾಗೇ ಬರೆಯಿರಿ. ಮರುದಿನ ಅವುಗಳಲ್ಲಿ ಮೂರೋ ನಾಲ್ಕೋ ಪದ ಆರಿಸಿಕೊಂಡು ಪದ್ಯ ಮಾಡಲು ಹೇಳಿ. ಎಲ್ಲ ಪದವೂ ಅದೇ ಅಕ್ಷರದಿಂದ ಶುರುವಾಗಬೇಕು ಅಂತ ಹಟ ಬೇಡ. ಹಟ ಮಾಡಿದರೆ ‘ಬಸವ ಬಸ್ಸಿನಲ್ಲಿ ಬದನೆ ಬಿತ್ತಿದ’ ಅನ್ನುವ ಥರದ್ದು ಬರುತ್ತದೆ. ಮಕ್ಕಳು ನಗುತ್ತಾರೆ ನಿಜ, ಆದರೆ ಅದರಲ್ಲಿ ಅವರು ನೋಡಿದ್ದು ಏನೂ ಇರುವುದಿಲ್ಲ. ಸಾಲಿಗೆ ಒಂದು ಪದ ಆ ಅಕ್ಷರದ್ದು ಇದ್ದರೆ ಸಾಕು.

ಮೊದಮೊದಲು ಅರ್ಧ ತರಗತಿ ನಿಮ್ಮ ಬಾತುಕೋಳಿಯನ್ನೇ ಕದಿಯುತ್ತದೆ. ಕದಿಯಲಿ ಬಿಡಿ. ಬಾತುಕೋಳಿಯ ಜಾಗದಲ್ಲಿ ಬೆಕ್ಕು ಬರುತ್ತದೆ, ಬಸ್ಸಿನ ಜಾಗದಲ್ಲಿ ಬಂಡಿ ಬರುತ್ತದೆ. ಎರಡು-ಮೂರು ಅಕ್ಷರ ದಾಟುವ ಹೊತ್ತಿಗೆ ಅವರದೇ ಮನೆ ಪದ್ಯದೊಳಗೆ ಬರಲು ಶುರುವಾಗುತ್ತದೆ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಅ ಅಂದರೆ ಅರಸ, ಈ ಅಂದರೆ ಈಟಿ, ಋ ಅಂದರೆ ಋಷಿ ಅಂತ ಗೋಡೆಯ ಚಾರ್ಟಿನಲ್ಲಿ ಇರುತ್ತದಲ್ಲ, ಅದನ್ನು ಈ ದಿನಗಳ ಮಟ್ಟಿಗೆ ತೆಗೆದಿಡಿ. ಅರಸನನ್ನು ನೋಡಿದ ಮಗು ನಿಮ್ಮ ತರಗತಿಯಲ್ಲಿ ಇಲ್ಲ. ನಾನು ಪಾಠ ಮಾಡುವುದು ತಿಪಟೂರಿನ ಕಡೆಯ ಹಳ್ಳಿಯಲ್ಲಿ. ಸುತ್ತ ತೆಂಗಿನ ತೋಟ, ಮನೆಮನೆಯಲ್ಲೂ ಅಟ್ಟದ ಮೇಲೆ ಕೊಬ್ಬರಿಗೆ ಇಟ್ಟ ಕಾಯಿ. ಇಲ್ಲಿ ಅ ಅಂದರೆ ಅಟ್ಟ. ಗ ಅಂದರೆ ಗರಿ, ಮ ಅಂದರೆ ಮಟ್ಟೆ, ಎ ಅಂದರೆ ಎಳನೀರು, ಹ ಅಂದರೆ ಹೊಂಬಾಳೆ. ನಮ್ಮ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಬರೆದದ್ದು ನೋಡಿ:

ಅಟ್ಟದ ಮೇಲೆ ಕಾಯಿ.
ಅಜ್ಜ ಒಂದನ್ನು ಕಿವಿ ಹತ್ತಿರ
ಅಲ್ಲಾಡಿಸಿದರು.
ಗುಡುಗುಡು ಅಂತು.
‘ಆಗಿದೆ’ ಅಂದರು ಅಜ್ಜ.

ತಿಂಗಳುಗಟ್ಟಲೆ ಅಟ್ಟದಲ್ಲಿ ಇಟ್ಟ ಕಾಯಿಯ ನೀರು ಒಣಗಿ, ಒಳಗಿನ ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾದಾಗ, ಅಲ್ಲಾಡಿಸಿದರೆ ಹಾಗೆ ಶಬ್ದ ಬರುತ್ತದೆ. ಆಮೇಲೆಯೇ ಕಾಯಿ ಒಡೆಯುವುದು. ಇದನ್ನು ಆ ಮಗುವಿಗೆ ಯಾರೂ ಪಾಠ ಮಾಡಿರಲಿಲ್ಲ. ಅಜ್ಜನ ಪಕ್ಕ ನಿಂತು ನೋಡಿ ತಿಳಿದದ್ದು. ‘ನಮ್ಮ ಅಜ್ಜ’ ಅಂತ ಪ್ರಬಂಧ ಬರೆಸಿದ್ದರೆ ‘ನಮ್ಮ ಅಜ್ಜ ಒಳ್ಳೆಯವರು’ ಅಂತ ಬರೆದು ಮುಗಿಸುತ್ತಿದ್ದಳು. ಅಲ್ವಾ? ನಿಮ್ಮ ಹಿರಿಯೂರಿನ ಕಡೆ ಅಟ್ಟದ ಬದಲು ಬೇರೆ ಏನೋ ಇರುತ್ತದೆ. ಅದನ್ನು ಮಕ್ಕಳೇ ತರುತ್ತಾರೆ, ನೀವು ಜಾಗ ಬಿಟ್ಟರೆ ಸಾಕು.

ಪ್ರಶ್ನೆ: ನಮ್ಮದು ನಲಿ-ಕಲಿ ತರಗತಿ, ಆಟ-ಚಟುವಟಿಕೆಗಳ ಮೂಲಕ ಕಲಿಸುವಂಥದ್ದು. ಮಕ್ಕಳಿಗೆ ಸದ್ಯ ಬರುವುದು ರ, ಗ, ಸ, ದ, ಅ ಅನ್ನುವ ಐದೇ ಅಕ್ಷರ. ಕಾಗುಣಿತ ಇನ್ನೂ ಬಂದಿಲ್ಲ. ಇವರಿಂದ ಪದ್ಯ ಬರೆಸಲು ಸಾಧ್ಯವೇ?
– ಒಬ್ಬ ಶಿಕ್ಷಕ, ಹುಣಸೂರು

ಉತ್ತರ: ಖಂಡಿತ ಸಾಧ್ಯ. ನಲಿ-ಕಲಿ 1995ರಲ್ಲಿ ನಿಮ್ಮ ಪಕ್ಕದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲೇ ಶುರುವಾದದ್ದು. ಅದರಲ್ಲಿ ನನಗೆ ತುಂಬ ಇಷ್ಟವಾದ ವಿಚಾರ ಅಂದರೆ ಅಕ್ಷರಗಳನ್ನು ವರ್ಣಮಾಲೆಯ ಸಾಲಿನಲ್ಲಿ ಕಲಿಸುವುದಿಲ್ಲ. ಬರೆಯಲು ಸುಲಭವಾದ, ಒಂದಕ್ಕೊಂದು ಹೋಲುವ ಅಕ್ಷರಗಳು ಮೊದಲು ಬರುತ್ತವೆ. ಸಿಕ್ಕ ಅಕ್ಷರಗಳಿಂದ ತಕ್ಷಣ ಪದ ಕಟ್ಟಬಹುದು. ಅ ಆ ಇ ಈ ಅಂತ ಬರೀ ಸ್ವರಗಳನ್ನೇ ಕಲಿತ ಮಗು ಎಷ್ಟು ಪದ ಬರೆದೀತು? ನಿಮ್ಮ ಐದು ಅಕ್ಷರದಲ್ಲಿ ಎಷ್ಟಿದೆ ನೋಡಿ: ಅರಸ, ಅಗಸ, ಸರ, ರಸ, ದರ, ಸರಸರ, ಗರಗರ, ದರದರ. ಒಂದು ಊರೂ ಇದೆ, ಗದಗ!

ಅರಸ ಸರಸರ.
ಅಗಸ ದರದರ.
ಗರಗರ ಗರಗರ
ಗದಗ!

ಇದರಲ್ಲಿ ಆ ಐದು ಅಕ್ಷರ ಬಿಟ್ಟು ಬೇರೆ ಯಾವುದೂ ಇಲ್ಲ. ಕಾಗುಣಿತವೂ ಇಲ್ಲ, ಒತ್ತೂ ಇಲ್ಲ. ಅರಸ ಬೇಡ ಅಂತ ಮೇಲೆ ಹೇಳಿ ಇಲ್ಲಿ ಕರೆತಂದಿದ್ದೇನೆ ಅನ್ನಬೇಡಿ. ಇಲ್ಲಿ ಅವನು ಚಿತ್ರದ ಅರಸನಲ್ಲ, ಅಗಸನ ಜೊತೆ ಗದಗಕ್ಕೆ ಓಡುವವನು. ಒಂದು ಗುಂಪು ಅರಸ, ಇನ್ನೊಂದು ಗುಂಪು ಅಗಸ, ಎಲ್ಲರೂ ಸೇರಿ ಗರಗರ ತಿರುಗಿ ‘ಗದಗ’ ಅಂತ ಕೂರಲಿ. ಆಮೇಲೆ ಸ್ಲೇಟು ಕೊಡಿ. ಇದೇ ಪದಗಳನ್ನು ಹಿಂದೆ ಮುಂದೆ ಮಾಡಿ ಬರೆಯಲಿ. ಮುಂದೆ ಜ, ವ, ಮ, ಬ, ನ ಬಂದಾಗ ಮರ, ದನ, ಜನ, ನಗರ, ಬಸವ, ಮಗ ಎಲ್ಲಾ ಒಟ್ಟಿಗೆ ಬರುತ್ತಾರೆ. ಆಗ ಒಂದು ಇಡೀ ಊರು ಕಟ್ಟಬಹುದು.

ಬರೆಯಲು ಬಾರದ ಮಾತು ಮಗುವಿನ ಬಾಯಲ್ಲಿ ಬಂದರೆ ನೀವೇ ಬರೆದುಕೊಡಿ. ಒಂದನೇ ತರಗತಿಯ ಮಗು ಹೇಳಿ ಬರೆಸಿದ್ದೂ ಅದರದೇ ಪದ್ಯ. ಅದರ ಎದುರಿಗೇ ಬರೆದು, ಬೆರಳಿಟ್ಟು ಓದಿ ತೋರಿಸಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ವಾರಾಂತ್ಯದ ಕನ್ನಡ ತರಗತಿಯಲ್ಲಿ ಒಂಬತ್ತು-ಹತ್ತು ವರ್ಷದ ಮಕ್ಕಳು ಎಲ್ಲ ಅಕ್ಷರಕ್ಕೂ ಒಂದೊಂದು ಪದ್ಯ ಬರೆಯಲು ಹೊರಟಿದ್ದಾರೆ. ಣ, ಳ, ಙ, ಞ ಹತ್ತಿರ ಬಂದು ನಿಂತುಬಿಟ್ಟಿದ್ದೇವೆ. ಇವುಗಳಿಂದ ಶುರುವಾಗುವ ಪದವೇ ಇಲ್ಲವಲ್ಲ? ಬಿಟ್ಟುಬಿಡಬಹುದೇ?
– ಒಬ್ಬ ತಾಯಿ

ಉತ್ತರ: ದಯವಿಟ್ಟು ಬಿಡಬೇಡಿ. ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಪದ್ಯಗಳು ಇವೇ ಅಕ್ಷರಗಳವು. ಇವು ಪದದ ಮುಂದೆ ಬರುವುದಿಲ್ಲ, ಒಳಗೆ ಇರುತ್ತವೆ. ‘ಣ ಎಲ್ಲೆಲ್ಲಿ ಅಡಗಿದೆ, ಹುಡುಕಿ’ ಅಂತ ಮಕ್ಕಳಿಗೆ ಹೇಳಿ. ಅಣ್ಣ, ಹಣ್ಣು, ಕಣ್ಣು, ಮಣ್ಣು, ಬಣ್ಣ, ಸಣ್ಣ, ಎಣ್ಣೆ, ಬೆಣ್ಣೆ. ನೋಡಿ, ಮನೆಯ ಪ್ರೀತಿಯ ಪದಗಳೆಲ್ಲ ಇಲ್ಲೇ ಇವೆ! ನಮ್ಮ ತರಗತಿಯಲ್ಲಿ ಎಲ್ಲರೂ ಸೇರಿ ಬೋರ್ಡಿನ ಮೇಲೆ ಕಟ್ಟಿದ್ದು:

ಅಣ್ಣ ನೇರಳೆ ಹಣ್ಣು
ತಿಂದೇ ಇಲ್ಲವಂತೆ.
ನಾಲಿಗೆ ಬಣ್ಣ
ನನ್ನ ಕಣ್ಣಿಗೆ ಕಾಣದೇ?

‘ಳ’ ಇನ್ನೂ ಶ್ರೀಮಂತ. ಮಳೆ, ಹೊಳೆ, ಹಳ್ಳ, ಬಾಳೆ, ಕೊಳಲು, ಅಳಿಲು, ಬೆಳಗ್ಗೆ, ಗುಳುಗುಳು. ಅಲ್ಲಿ ಬೆಳೆಯುವ ಮಕ್ಕಳಿಗೆ ಲ-ಳ, ನ-ಣ ವ್ಯತ್ಯಾಸ ನಾಲಿಗೆಗೆ ಹತ್ತುವುದು ಸ್ವಲ್ಪ ಕಷ್ಟ. ನಾಲಿಗೆಯ ತುದಿ ಹಿಂದಕ್ಕೆ ಮಡಚಬೇಕು. ಸುಮ್ನೆ ‘ಹೇಳು, ಹೇಳು’ ಅಂದರೆ ಬೇಸರ. ಅವರೇ ಬರೆದ ‘ಮಳೆ ಬಂದ ಬೆಳಗ್ಗೆ ಹಳ್ಳ ಗುಳುಗುಳು’ ಅನ್ನುವ ಸಾಲಾದರೆ ಎಷ್ಟು ಸಲ ಬೇಕಾದರೂ ಹೇಳುತ್ತಾರೆ. ಅಲ್ಲಿ ಹಳ್ಳ ಯಾವುದು ಅಂತ ಕೇಳಿದರೆ ಅವರ ಊರಿನ ಯಾವುದೋ ತೊರೆಯನ್ನೇ ತೋರಿಸಲಿ. ಹಿಮ ಬೀಳುವ ಊರಿನ ಮಗು ‘ಹ’ಕ್ಕೆ ಹಿಮ ಅಂತ ಬರೆಯಲಿ. ಅಜ್ಜಿಯ ಊರನ್ನು ನೆನೆಸಿಕೊಂಡೇ ಬರೆಯಬೇಕು ಅಂತ ಒತ್ತಾಯ ಬೇಡ.

ಇನ್ನು ಞ. ಅದು ‘ಜ’ದ ಕೆಳಗೆ ಒತ್ತಾಗಿ ಕೂತಿದೆ. ಜ್ಞಾನ, ವಿಜ್ಞಾನ, ಆಜ್ಞೆ. ಙ ಬರವಣಿಗೆಯಲ್ಲಿ ಸಿಗುವುದು ‘ವಾಙ್ಮಯ’ದಂತಹ ಕೆಲವೇ ಪದಗಳಲ್ಲಿ. ಆದರೆ ಬಾಯಲ್ಲಿ ದಿನಾ ಇದೆ. ‘ಶಂಖ’, ‘ಗಂಗೆ’, ‘ಅಂಗಡಿ’ ಅಂತ ಹೇಳಿ ನೋಡಿ. ಆ ಸೊನ್ನೆಯ ಜಾಗದಲ್ಲಿ ಮೂಗಿನಿಂದ ಬರುವ ಸದ್ದು ಙ. ‘ಪಂಜು’, ‘ಮಂಚ’ದ ಸೊನ್ನೆಯಲ್ಲಿ ಬರುವುದು ಞ. ಇದನ್ನು ಮಕ್ಕಳಿಗೆ ತೋರಿಸಿದರೆ ಕಣ್ಣರಳಿಸುತ್ತಾರೆ. ಕಣ್ಣಾಮುಚ್ಚಾಲೆ ಆಡುವ ಈ ಎರಡು ಅಕ್ಷರಗಳಿಗೆ ಒಂದೊಂದು ಪತ್ರ ಬರೆಯಲು ಹೇಳಿ. ‘ಙ, ನೀನು ಶಂಖದೊಳಗೆ ಏನು ಮಾಡುತ್ತಿದ್ದೀಯ?’ ಅಂತ ಶುರುವಾಗಲಿ. ಅದೂ ಪದ್ಯವೇ.

ಪ್ರಶ್ನೆ: ಪ್ರಾಸವಿಲ್ಲದ ಸಾಲುಗಳನ್ನು ಪದ್ಯ ಎಂದು ಮಕ್ಕಳಿಗೆ ಕಲಿಸುವುದು ಸರಿಯೇ? ನಾನು ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದವನು. ನೀವು ಕಳೆದ ಸಂಚಿಕೆಯಲ್ಲಿ ಕೊಟ್ಟ ಪದ್ಯದಲ್ಲಿ ಪ್ರಾಸ ಕಾಣಲಿಲ್ಲ.
– ಒಬ್ಬ ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಗುರುಗಳೇ, ನಮಸ್ಕಾರ. ಪ್ರಾಸ ನನಗೂ ಇಷ್ಟ. ಆದರೆ ಬರೆಯಲು ಈಗಷ್ಟೇ ಕೂತ ಮಗುವಿಗೆ ಸಾಲಿನ ಕೊನೆಯ ಪ್ರಾಸ ಕೇಳಿದರೆ, ಅದು ಕಂಡದ್ದನ್ನು ಬಿಟ್ಟು ಪ್ರಾಸಕ್ಕೆ ಸಿಕ್ಕಿದ್ದನ್ನು ಬರೆಯುತ್ತದೆ. ‘ಕಾಯಿ’ ಅಂತ ಬಂದರೆ ಮುಂದಿನ ಸಾಲಿಗೆ ‘ನಾಯಿ’ ಬಂದೇ ಬರುತ್ತದೆ, ಅಟ್ಟದ ಮೇಲೆ ನಾಯಿ ಇರಲಿ ಇಲ್ಲದಿರಲಿ. ಆ ಹುಡುಗಿ ಅಜ್ಜನ ಬದಲು ನಾಯಿಯನ್ನು ತಂದಿದ್ದರೆ ನನಗೆ ಬೇಸರವಾಗುತ್ತಿತ್ತು.

ನಮ್ಮ ಹಳೆಯ ಕಾವ್ಯದ ಪ್ರಾಸ ಸಾಲಿನ ಕೊನೆಯಲ್ಲಿ ಇರಲಿಲ್ಲ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ, ಅದೇ ಆದಿಪ್ರಾಸ. ಕುಮಾರವ್ಯಾಸನ ಷಟ್ಪದಿ ತೆಗೆದರೆ ಆರೂ ಸಾಲಿನಲ್ಲಿ ಹಾಗೇ ಇದೆ. ಅದನ್ನು ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಬೇಕೆಂದೇ ಬಿಟ್ಟು ಬರೆದರು. ಅಷ್ಟು ದೊಡ್ಡವರೇ ಪ್ರಾಸ ಬಿಟ್ಟು ಬರೆದಿರುವಾಗ ನಮ್ಮ ಮೂರನೇ ತರಗತಿಯವರಿಗೂ ಆ ಸ್ವಾತಂತ್ರ್ಯ ಕೊಡೋಣ.

ಹಾಗಂತ ಆದಿಪ್ರಾಸವನ್ನು ನಾನು ಬಿಟ್ಟಿಲ್ಲ. ಐದನೇ ತರಗತಿಗೆ ಅದನ್ನೇ ಆಟವಾಗಿ ಕೊಡುತ್ತೇನೆ. ‘ಎರಡನೇ ಅಕ್ಷರ ಕ್ಕ’ ಅಂತ ಹೇಳಿದರೆ ಅಕ್ಕ, ಹಕ್ಕಿ, ಬೆಕ್ಕು, ಚಿಕ್ಕ, ಸಕ್ಕರೆ, ಬಿಕ್ಕಳಿಕೆ ಎಲ್ಲಾ ಓಡಿ ಬರುತ್ತವೆ.

ಅಕ್ಕ ಮೊರ ಹಿಡಿದಳು.
ಹಕ್ಕಿ ಮರ ಬಿಟ್ಟಿತು.
ಬೆಕ್ಕು ಮೊದಲೇ ಬಂದು
ಪಕ್ಕದಲ್ಲಿ ಕೂತಿತ್ತು.

ಇಲ್ಲಿ ಪ್ರಾಸ ಸಾಲಿನ ಮುಂದೆಯೇ ಮುಗಿದುಹೋಗುತ್ತದೆ. ಉಳಿದ ಸಾಲು ಪೂರ್ತಿ ಮಗುವಿನದು. ನೀವು ನಿಮ್ಮ ಬೀದಿಯ ಮಕ್ಕಳನ್ನು ಕೂರಿಸಿಕೊಂಡು ಇದನ್ನು ಆಡಿಸಬೇಕು ಅಂತ ನನ್ನ ಆಸೆ. ನಿಮ್ಮಷ್ಟು ಚೆನ್ನಾಗಿ ನಾವು ಆಡಿಸಲಾರೆವು.

ಪ್ರಶ್ನೆ: ನಮ್ಮ ಶಾಲೆಗೆ ತಾಂಡಾದ ಮಕ್ಕಳು ಬರುತ್ತಾರೆ. ಮನೆಯಲ್ಲಿ ಲಂಬಾಣಿ ಮಾತು. ಪದ ಹೇಳಿ ಅಂದರೆ ತಲೆ ತಗ್ಗಿಸುತ್ತಾರೆ. ಕನ್ನಡ ಗಟ್ಟಿಯಾಗುವವರೆಗೆ ಇವರಿಗೆ ಪದ್ಯ ಬೇಡವೇ?
– ಒಬ್ಬ ಶಿಕ್ಷಕಿ, ವಿಜಯಪುರ ಜಿಲ್ಲೆ

ಉತ್ತರ: ಅವರಿಗೇ ಮೊದಲು ಬೇಕು. ಪದ ಗೊತ್ತಿಲ್ಲ ಅಂತ ಅವರು ತಲೆ ತಗ್ಗಿಸುವುದಲ್ಲ, ತಮ್ಮ ಪದ ಇಲ್ಲಿ ನಡೆಯುವುದಿಲ್ಲ ಅಂದುಕೊಂಡಿರುತ್ತಾರೆ. ‘ಬ’ಕ್ಕೆ ಬಾಟಿ ಅಂತ ನೀವೇ ಬೋರ್ಡಿನ ಮೇಲೆ ಬರೆಯಿರಿ. ರೊಟ್ಟಿಗೆ ಅವರ ಮನೆಯಲ್ಲಿ ಹಾಗಲ್ಲವೇ ಹೇಳುವುದು? ‘ಯ’ ಅಕ್ಷರ ಬಂದಾಗ ನಾವೆಲ್ಲ ಯಮ, ಯತಿ, ಯಕ್ಷ ಅಂತ ಒದ್ದಾಡುತ್ತೇವೆ. ತಾಂಡಾದ ಮಗುವಿಗೆ ಅಲ್ಲಿ ‘ಯಾಡಿ’ ಇದ್ದಾಳೆ, ಅಮ್ಮ! ಆ ದಿನ ಇಡೀ ತರಗತಿಯಲ್ಲಿ ಅತಿ ಒಳ್ಳೆಯ ಪದ ಅವರ ಹತ್ತಿರವೇ ಇರುತ್ತದೆ.

‘ಯಾಡಿ ಬಾಟಿ ತಟ್ಟುತ್ತಾಳೆ, ಪಟಪಟ’ ಅಂತ ಒಂದು ಸಾಲು ಬಂತು ಅಂದುಕೊಳ್ಳಿ. ಎರಡು ಪದ ಮನೆಯದು, ಉಳಿದದ್ದು ಕನ್ನಡ. ಕನ್ನಡ ಹೀಗೇ ಗಟ್ಟಿಯಾಗುವುದು. ಕನ್ನಡ ಮನೆಮಾತಿನ ಮಕ್ಕಳೂ ಆ ಪದ ಕಲಿಯುತ್ತಾರೆ, ಅರ್ಥ ಕೇಳುತ್ತಾರೆ, ಹೇಳಿಕೊಡುವವರು ಯಾರು? ತಲೆ ತಗ್ಗಿಸಿ ಕೂತಿದ್ದ ಮಕ್ಕಳೇ. ಮಂಗಳೂರಿನ ಕಡೆ ತುಳು, ಎಷ್ಟೋ ಊರುಗಳಲ್ಲಿ ಉರ್ದು, ಎಲ್ಲಕ್ಕೂ ಇದೇ ಮಾತು.

ಪ್ರಶ್ನೆ: ಪಠ್ಯ ಮುಗಿಸಲಿಕ್ಕೇ ಸಮಯ ಸಾಲದು. ಇದಕ್ಕೆಲ್ಲ ಯಾವಾಗ?
– ಒಬ್ಬ ಶಿಕ್ಷಕ, ಕೊಪ್ಪಳ

ಉತ್ತರ: ಶನಿವಾರದ ಬೆಳಗಿನ ಶಾಲೆಯಲ್ಲಿ ಅರ್ಧ ಗಂಟೆ. ವಾರಕ್ಕೆ ಒಂದು ಅಕ್ಷರ. ಅಷ್ಟು ಸಾಕು.

ಪ್ರಶ್ನೆ: ನನ್ನ ಮಗ ಎರಡನೇ ತರಗತಿ. ಅವನ ಟೀಚರ್ ಪದ್ಯದಲ್ಲಿನ ತಪ್ಪುಗಳನ್ನು ತಿದ್ದದೆ ಹಾಗೇ ಬಿಟ್ಟಿದ್ದಾರೆ. ‘ಹಾಲು’ ಬದಲು ‘ಆಲು’ ಅಂತ ಇದೆ. ಇದು ಸರಿಯಾ?
– ಒಬ್ಬ ತಂದೆ, ಮಂಡ್ಯ

ಉತ್ತರ: ಟೀಚರ್ ಮಾಡಿದ್ದು ಸರಿ. ಮಗು ಬರೆದ ಕ್ಷಣದಲ್ಲೇ ಕೆಂಪು ಗೀಟು ಎಳೆದರೆ ಮುಂದಿನ ಸಲ ಅದು ತನಗೆ ಬರೆಯಲು ಬರುವ ಪದವನ್ನು ಮಾತ್ರ ಬರೆಯುತ್ತದೆ. ಪದ್ಯ ಅಲ್ಲಿಗೆ ಸಣ್ಣದಾಗುತ್ತದೆ. ನಿಮ್ಮ ಮಗ ‘ಆಲು’ ಅಂತ ಬರೆದದ್ದು ಕಿವಿಗೆ ಕೇಳಿದ ಹಾಗೆ. ಹಳೇ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ಹಾಗೇ ಹೇಳುತ್ತೇವೆ. ಅದು ಕೆಟ್ಟ ಮಾತಲ್ಲ. ಆದರೆ ಬರೆಯುವಾಗ ‘ಹ’ ಬೇಕು ಅನ್ನುವುದನ್ನು ಅವನು ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಅದಕ್ಕೂ ಅಕ್ಷರ ಪದ್ಯವೇ ದಾರಿ. ‘ಹ’ಕ್ಕೆ ಒಂದು ದಿನ ಇಡಿ. ಅಂಗೈ ಬಾಯಿಯ ಮುಂದೆ ಹಿಡಿದು ‘ಹಾಲು, ಹೂವು, ಹಸು’ ಅಂತ ಹೇಳಲಿ. ಕೈಗೆ ಬಿಸಿ ಉಸಿರು ತಾಗುತ್ತದೆ. ‘ಆಲು’ ಅಂದರೆ ಆ ಉಸಿರು ತಾಗುವುದಿಲ್ಲ. ಮಹಾಪ್ರಾಣಕ್ಕೂ ಹೀಗೇ ಮಾಡಬಹುದು. ತೆಳ್ಳಗಿನ ಕಾಗದದ ಚೂರು ತುಟಿಯ ಮುಂದೆ ಹಿಡಿದು ಕ ಅನ್ನಿ, ಖ ಅನ್ನಿ. ಖ ಅಂದಾಗ ಕಾಗದ ಅಲ್ಲಾಡುತ್ತದೆ. ಇದನ್ನು ಮಾಡಿ ನೋಡಿದ ಮಗು ಆ ಅಕ್ಷರವನ್ನು ಮರೆಯುವುದು ಕಡಿಮೆ. ಆಮೇಲೆ ತನ್ನ ಪದ್ಯವನ್ನು ತಾನೇ ಇನ್ನೊಮ್ಮೆ ನೋಡಿ ತಿದ್ದಿಕೊಳ್ಳಲಿ. ಮನೆಯಲ್ಲಿ ನೀವು ಮಾಡಬೇಕಾದ್ದು ಒಂದೇ. ಪದ್ಯ ಓದಿಸಿ ಕೇಳಿ, ಹಾಲು ಏನಾಯಿತು ಅಂತ ಕೇಳಿ.

ಪ್ರಶ್ನೆ: ಮಕ್ಕಳು ಬರೆದ ಅಕ್ಷರ ಪದ್ಯಗಳಿಗೆ ಸ್ಪರ್ಧೆ ಇಟ್ಟು ಬಹುಮಾನ ಕೊಡೋಣ ಎಂದು ನಮ್ಮ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯವರು ಹೇಳುತ್ತಿದ್ದಾರೆ. ನಿಮ್ಮ ಅಭಿಪ್ರಾಯ?
– ಒಬ್ಬ ಮುಖ್ಯ ಶಿಕ್ಷಕಿ, ಸಾಗರ

ಉತ್ತರ: ಅವರ ಪ್ರೀತಿ ದೊಡ್ಡದು, ಆದರೆ ಬಹುಮಾನ ಬೇಡ. ಮೂರು ಮಕ್ಕಳಿಗೆ ಬಹುಮಾನ ಬಂದ ದಿನ ಉಳಿದವರು ‘ನನಗೆ ಪದ್ಯ ಬರುವುದಿಲ್ಲ’ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಅದೇ ದುಡ್ಡಿನಲ್ಲಿ ದಪ್ಪ ಹಾಳೆ, ಬಣ್ಣದ ಪೆನ್ಸಿಲ್, ಸೂಜಿ-ದಾರ ತರಿಸಿ. ಹದಿಮೂರು ಸ್ವರ, ಅಂ ಅಃ ಎರಡು, ಮೂವತ್ತನಾಲ್ಕು ವ್ಯಂಜನ. ಒಟ್ಟು 49 ಅಕ್ಷರ, 49 ಪುಟ. ನಿಮ್ಮ ಶಾಲೆಯ ಪ್ರತಿ ಮಗುವಿಗೂ ಒಂದು ಪುಟವಾದರೂ ಸಿಗಲಿ. ಮಕ್ಕಳು ಜಾಸ್ತಿ ಇದ್ದರೆ ಒಂದು ಅಕ್ಷರಕ್ಕೆ ಇಬ್ಬರು. ಚಿತ್ರ ಅವರೇ ಬರೆಯಲಿ, ಪುಟದ ಕೆಳಗೆ ಹೆಸರು ಅವರ ಕೈಯಲ್ಲೇ ಇರಲಿ. ಹೊಲಿಯುವ ಕೆಲಸಕ್ಕೆ ಎಸ್‌ಡಿಎಂಸಿಯ ಅಮ್ಮಂದಿರನ್ನು ಕರೆಯಿರಿ.

ಪುಸ್ತಕವನ್ನು ಆಫೀಸಿನ ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ. ಒಂದನೇ ತರಗತಿಯ ಮಗುವಿನ ಕೈಗೆ ಎಟಕುವ ಕಡೆ ಇಡಿ. ಹರಿಯುತ್ತದೆ, ಅನ್ನ ಸಾರಿನ ಕಲೆಯೂ ಆಗುತ್ತದೆ. ಹರಿದ ಪುಟವನ್ನು ಆ ವರ್ಷದ ಮಕ್ಕಳು ಹೊಸದಾಗಿ ಬರೆದು ಸೇರಿಸಲಿ.